ಧಾತುಗಳ ಕಥೆ ಮೇಲೆ ಟ್ರೆಷರ್ ಹಂಟ್: ಮಾಡಿಸಿದವರು ಹೇಳಿ

ವಿಜಯನಗರದಿಂದ:
ಮಗಳ ಹುಟ್ಟುಹಬ್ಬಕ್ಕೆ ಅವಳ ಒಂಬತ್ತನೇ ಕ್ಲಾಸಿನ ಗೆಳತಿಯರು ಬರುತ್ತಾರೆ. ಧಾತುಗಳನ್ನು ಕಂಡುಹಿಡಿದ ಕಥೆ ಇಟ್ಟುಕೊಂಡು ಟ್ರೆಷರ್ ಹಂಟ್ ಮಾಡಿಸುವ ಆಸೆ. ಮನೆ, ಮೆಟ್ಟಿಲು, ಟೆರೇಸು, ಇಷ್ಟೇ ಜಾಗ. ಸುಳಿವು ಹೇಗಿರಬೇಕು?

ಮಲ್ಲೇಶ್ವರದಿಂದ:
ನಮ್ಮ ಅಪಾರ್ಟ್‌ಮೆಂಟ್ ಮಕ್ಕಳಿಗೆ ಮಾಡಿಸಿದ್ದೇನೆ. ಚಿಹ್ನೆ ಕೊಟ್ಟು ಹೆಸರು ಕೇಳಬೇಡಿ, ಅದು ಒಂದು ಮಾರ್ಕಿನ ಪ್ರಶ್ನೆ ಆಗಿಬಿಡುತ್ತದೆ. ಕಥೆಯಿಂದಲೇ ಒಗಟು ಹುಟ್ಟಬೇಕು. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಚಿನ್ನದ ಆಸೆಗೆ ರಾಶಿ ಮೂತ್ರ ಕುದಿಸಿ ಇಂಗಿಸಿದ. ಸಿಕ್ಕಿದ್ದು ಕತ್ತಲಲ್ಲಿ ಹೊಳೆಯುವ ರಂಜಕ. ನನ್ನ ಚೀಟಿಯಲ್ಲಿ ಇದ್ದದ್ದು ಇಷ್ಟೇ: “ಚಿನ್ನ ಹುಡುಕಿದವನಿಗೆ ಬೆಳಕು ಸಿಕ್ಕಿತು.” ಪೂರ್ತಿ ಕಥೆ ಬರೆದ ಹಾಳೆ ಮೆಟ್ಟಿಲ ಗೋಡೆಯ ಮೇಲಿತ್ತು, ಬೇರೆ ಧಾತುಗಳ ಕಥೆಗಳ ನಡುವೆ. ಓದಿದರೆ ಮಾತ್ರ ಉತ್ತರ. ಮೂತ್ರದ ವಿಷಯ ಓದಿದಾಗ ಮಕ್ಕಳ ಗಲಾಟೆ ನೀವು ಕೇಳಬೇಕಿತ್ತು!

ಹೀಲಿಯಂ ಬಿಡಲೇಬೇಡಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ನಮ್ಮ ಪಕ್ಕದ ಆಂಧ್ರದ ಗುಂಟೂರಿಗೆ ಬಂದು ನೋಡಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಅವರಿಗೆ ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಒಂದು ಹಳದಿ ಗೆರೆ ಕಂಡಿತು. ಪ್ರತಿ ಧಾತುವಿನ ಬೆಳಕಿಗೂ ಅದರದ್ದೇ ಗೆರೆಗಳಿರುತ್ತವೆ. ಅದು ಗೊತ್ತಿದ್ದ ಯಾವ ಧಾತುವಿಗೂ ಸೇರಲಿಲ್ಲ. ಭೂಮಿಯ ಮೇಲೆ ಅದನ್ನು ರಾಮ್ಸೆ ಹಿಡಿದದ್ದು 1895ರಲ್ಲಿ. ಸೂರ್ಯನಲ್ಲಿ ಮೊದಲು, ಇಲ್ಲಿ ಆಮೇಲೆ! ಇದಕ್ಕಿಂತ ಒಳ್ಳೆ ಒಗಟು ಬೇಕಾ?

ಕೊನೆಗೆ ಡಬ್ಬಿಗೆ ಮೂರಂಕಿಯ ನಂಬರ್ ಲಾಕ್ ಹಾಕಿ. ರಂಜಕದ ಪರಮಾಣು ಸಂಖ್ಯೆ 15, ಹೀಲಿಯಂದು 2. ಮೊದಲು ಸಿಕ್ಕ ಧಾತು ಮೊದಲು ಅಂತ ಹೇಳಿದರೆ 152. ಕಾಲ ತಪ್ಪಿದರೆ 215, ಬೀಗ ತೆರೆಯಲ್ಲ.

ಬಸವನಗುಡಿಯಿಂದ:
ಲಾಕ್ ಚೆನ್ನಾಗಿದೆ. ಆದರೆ ಆ ಸಾಲಿಗೆ ಆಮ್ಲಜನಕ ಸೇರಿಸಬೇಡಿ. ಷೀಲೆ ಮೊದಲೇ ತಯಾರಿಸಿದ್ದರು, 1774ರಲ್ಲಿ ತಯಾರಿಸಿದ ಪ್ರೀಸ್ಟ್ಲಿ ಮೊದಲು ಪ್ರಕಟಿಸಿದರು, ಅದು ಏನು ಅಂತ ಸರಿಯಾಗಿ ಹೇಳಿ ಹೆಸರಿಟ್ಟದ್ದು ಲವಾಸಿಯೆ. ಯಾರನ್ನು ಮೊದಲು ಅನ್ನೋದು? ನಾನು ಮೂರು ತಂಡಕ್ಕೆ ಮೂವರನ್ನು ಹಂಚಿ ವಾದ ಮಾಡಿಸಿದೆ. ಚೆನ್ನಾಗಿ ವಾದಿಸಿದವರಿಗೆ ಮುಂದಿನ ಚೀಟಿ. ನಮ್ಮ ಆಟದಲ್ಲಿ ಎಲ್ಲಕ್ಕಿಂತ ಜೋರಾಗಿ ನಡೆದ ಭಾಗ ಅದೇ.

ಯಲಹಂಕದಿಂದ:
ನನ್ನ ಮೆಚ್ಚಿನದು ಗ್ಯಾಲಿಯಂ. ಆವರ್ತಕ ಕೋಷ್ಟಕದಲ್ಲಿ ಅಲ್ಯೂಮಿನಿಯಂ ಕೆಳಗಿನ ಮನೆ ಖಾಲಿ ಬಿಟ್ಟು, ಅಲ್ಲಿ ಬರುವ ಧಾತು ಹೇಗಿರುತ್ತದೆ ಅಂತ 1871ರಲ್ಲೇ ಮೆಂಡಲೀವ್ ಬರೆದಿಟ್ಟಿದ್ದರು. 1875ರಲ್ಲಿ ಲಕಾಕ್ ಅದನ್ನು ಕಂಡುಹಿಡಿದು ಸಾಂದ್ರತೆ 4.7 ಅಂದರು. ಸುಮಾರು 5.9 ಇರಬೇಕು, ಇನ್ನೊಮ್ಮೆ ನೋಡಿ ಅಂದರು ಮೆಂಡಲೀವ್, ಆ ಲೋಹವನ್ನು ಕಣ್ಣಲ್ಲೂ ನೋಡದೆ! ಶುದ್ಧ ಮಾಡಿ ಅಳೆದರೆ ಹಾಗೇ ಬಂತು. ಒಂದು ಮನೆ ಕತ್ತರಿಸಿದ ಚಾರ್ಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಆ ಕಿಂಡಿಯ ಹಿಂದೆ ಚೀಟಿ ಇಡಿ.

ಪಾದರಸ, ನಿಜವಾದ ರಂಜಕ ಇವನ್ನೆಲ್ಲ ದಯವಿಟ್ಟು ಮನೆಗೆ ತರಬೇಡಿ. ಕತ್ತಲಲ್ಲಿ ಹೊಳೆಯುವ ಸ್ಟಿಕರ್ ಸಾಕು. ಪ್ರತಿ ತಂಡಕ್ಕೂ ಒಂದು ಆವರ್ತಕ ಕೋಷ್ಟಕ ಕೊಡಿ, ಫೋನ್ ಮಾತ್ರ ಮೊದಲೇ ಇಸ್ಕೊಂಡು ಬಿಡಿ.