ಬೋಸು ಮೇಲೆ ಸ್ಕ್ವಾಟ್ ಮಾಡಿದರೆ ಕೋರ್‌ಗೆ ಎಷ್ಟು ಕೆಲಸ?

ಪ್ರಶ್ನೆ (ಜಿಮ್ ಟ್ರೇನರ್): ಮೇಡಂ, ಡಂಬೆಲ್ ಹಿಡಿದು ಬೋಸು (ಅಡಿ ಚಪ್ಪಟೆಯಾಗಿರೋ, ಅರ್ಧ ಚೆಂಡಿನಂಥ ಉಪಕರಣ) ಮೇಲೆ ಸ್ಕ್ವಾಟ್ (ಬಸ್ಕಿ) ಮಾಡಿಸಿ, ಕೋರ್ ಗಟ್ಟಿಯಾಗ್ಲಿ ಅಂತ ಕ್ಲೈಂಟ್‌ಗಳು ಕೇಳ್ತಾರೆ. ನೆಲದ ಮೇಲಿನ ಸ್ಕ್ವಾಟ್‌ಗಿಂತ ಇದರಲ್ಲಿ ಹೊಟ್ಟೆ, ಬೆನ್ನಿನ ಸ್ನಾಯುಗಳು ನಿಜಕ್ಕೂ ಹೆಚ್ಚು ದುಡಿಯುತ್ತವಾ?

ಉತ್ತರ (ಫಿಸಿಯೋಥೆರಪಿಸ್ಟ್): ಅಲುಗಾಡೋ ವಸ್ತು ದೇಹದ ಯಾವ ಭಾಗದ ಕೆಳಗಿದೆ ಅನ್ನೋದನ್ನ ಮೊದಲು ನೋಡಿ. ಪಾದದ ಕೆಳಗಿದ್ದರೆ ಅದನ್ನು ಮೊದಲು ಹಿಡಿಯೋದು ಪಾದದ ಕೀಲು: ಮೀನಖಂಡದ ಸೋಲಿಯಸ್, ಕಾಲಿನ ಹೊರಬದಿಯ ಪೆರೋನಿಯಸ್. ಉಳಿದದ್ದನ್ನು ಮಂಡಿ ಮತ್ತು ಸೊಂಟದ ಕೀಲು ಸರಿದೂಗಿಸುತ್ತವೆ. ನಡುವಿಗೆ ತಲುಪೋದು ಅಲ್ಪ.

ಮುಂಡವೇ ಜಿಮ್ ಬಾಲ್ (ಗಾಳಿ ತುಂಬಿದ ದೊಡ್ಡ ಚೆಂಡು) ಮೇಲಿದ್ದರೆ ಲೆಕ್ಕ ಬೇರೆ. 2000ರಲ್ಲಿ ಸಂಶೋಧಕರಾದ ವೆರಾ-ಗಾರ್ಸಿಯಾ, ಗ್ರೆನಿಯರ್, ಮೆಕ್‌ಗಿಲ್ ಇಎಂಜಿಯಲ್ಲಿ (ಸ್ನಾಯುವಿನ ವಿದ್ಯುತ್ ಸಿಗ್ನಲ್ ಹಿಡಿಯೋ ಪರೀಕ್ಷೆ) ಅಳೆದಾಗ, ಗಟ್ಟಿ ಮೇಲ್ಮೈಯ ಕರ್ಲ್-ಅಪ್‌ನಲ್ಲಿ (ಅಂಗಾತ ಮಲಗಿ ತಲೆ, ಭುಜ ಎತ್ತೋದು) ಹೊಟ್ಟೆಯ ಮುಂದಿನ ಸ್ನಾಯು ರೆಕ್ಟಸ್ ಅಬ್ಡಾಮಿನಿಸ್‌ನ ಚಟುವಟಿಕೆ ಗರಿಷ್ಠದ ಶೇ 21 ಇತ್ತು, ಬೆನ್ನು ಜಿಮ್ ಬಾಲ್ ಮೇಲಿದ್ದಾಗ ಶೇ 35. ಹೊಟ್ಟೆಯ ಪಕ್ಕದ ಎಕ್ಸ್‌ಟರ್ನಲ್ ಆಬ್ಲಿಕ್ ಶೇ 5ರಿಂದ 10ಕ್ಕೆ ಏರಿತು. ಅಳೆದದ್ದು ಎಂಟೇ ಗಂಡಸರನ್ನು, ಹಾಗಾಗಿ ಅಂಕಿಗಿಂತ ದಿಕ್ಕನ್ನು ನಂಬಿ.

ಆದರೆ ಅಲುಗಾಡೋ ವಸ್ತುವಿನ ಮೇಲೆ ಡಂಬೆಲ್ ಹಿಡಿಸಬೇಡಿ. 2004ರಲ್ಲಿ ಆಂಡರ್ಸನ್, ಬೇಮ್ ಬಾಲ್ ಮೇಲೆ ಚೆಸ್ಟ್ ಪ್ರೆಸ್ (ಎದೆಯಿಂದ ಮೇಲಕ್ಕೆ ತಳ್ಳೋದು) ಮಾಡಿಸಿದಾಗ ತಳ್ಳುವ ಬಲ ಸುಮಾರು ಶೇ 60 ಕುಸಿಯಿತು, ಸ್ನಾಯು ಚಟುವಟಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸ್ನಾಯು ಹೆಚ್ಚಾಗಿ ದುಡಿದದ್ದು ಭಾರ ಎತ್ತೋಕಲ್ಲ, ಕೀಲನ್ನು ಬಿಗಿಹಿಡಿಯೋಕೆ. ಭಾರ ನೆಲದ ಮೇಲೆ ಎತ್ತಿಸಿ. ಬೆನ್ನನ್ನು ನೆಟ್ಟಗೆ ನಿಲ್ಲಿಸೋ ಎರೆಕ್ಟರ್ ಸ್ನಾಯುಗಳಿಗೆ ಭಾರದ ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) ಕೊಡುವಷ್ಟು ಕೆಲಸವನ್ನು ಬೋಸು ಕೊಡಲ್ಲ.

ಟ್ರೇನರ್: ಹಾಗಾದ್ರೆ ಬಾಲ್ ಮೇಲೆ ಏನು ಮಾಡಿಸಲಿ?

ಫಿಸಿಯೋ: ಮೊಣಕೈ ಪ್ಲ್ಯಾಂಕ್, ಅಂದರೆ ಮೊಣಕೈಗಳನ್ನು ಬಾಲ್ ಮೇಲೆ ಊರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯೋದು. ಎತ್ತರ 5 ಅಡಿ 7 ಇಂಚಿನೊಳಗಿದ್ದರೆ 55 ಸೆಂ.ಮೀ. ಬಾಲ್, ಮೇಲಿದ್ದರೆ 65. ಮೊದಲ ವಾರ ಬಾಲ್ ಗೋಡೆಗೆ ತಾಗಿರಲಿ, ಮಂಡಿ ನೆಲದಲ್ಲಿರಲಿ. 10–15 ಸೆಕೆಂಡು, ಮೂರು ಸಲ, ನಡುವೆ ಒಂದು ನಿಮಿಷ ಬಿಡುವು. ಆಮೇಲೆ ಗೋಡೆ ಬಿಡಿಸಿ, ಮಂಡಿ ಎತ್ತಿಸಿ, ಪಾದ ಭುಜಕ್ಕಿಂತ ಅಗಲಕ್ಕೆ. ಅದು ಸಲೀಸಾದ ಮೇಲೆ ಮುದ್ದೆ ತಿರುವೋ ಹಾಗೆ ಮೊಣಕೈಯಿಂದ ಬಾಲನ್ನು ಸಣ್ಣದಾಗಿ ಸುತ್ತಿಸೋದು, ಆಕಡೆ ಐದು, ಈಕಡೆ ಐದು. ಸುತ್ತು ದೊಡ್ಡದಾದಷ್ಟೂ ಕಷ್ಟ.

ಕೆಡೋದು ಮೂರು ಕಡೆ. ನಡು ಜೋತುಬಿದ್ದರೆ ಭಾರ ಹೊಟ್ಟೆ ಬಿಟ್ಟು ಬೆನ್ನುಮೂಳೆಯ ಹಿಂದಿನ ಸಣ್ಣ ಕೀಲುಗಳ ಮೇಲೆ ಬೀಳುತ್ತೆ. ಅಲ್ಲಿಗೇ ಸೆಟ್ ನಿಲ್ಲಿಸಿ. ಭುಜ ಕಿವಿಗೆ ಏರಬಾರದು. ಮೂರನೆಯದು ಉಸಿರು: ಜೋರಾಗಿ ಎಣಿಸೋಕೆ ಹೇಳಿ, ದನಿ ನಿಂತರೆ ಉಸಿರು ಕಟ್ಟಿದ್ದಾರೆ ಅಂತಲೇ. ಹೊಟ್ಟೆ ಒಳಗೆಳೆಯೋದು ಬೇಡ, ಯಾರೋ ಗುದ್ದೋಕೆ ಬಂದಾಗ ತಾನಾಗೇ ಬಿಗಿಯೋ ಹಾಗಿದ್ದರೆ ಸಾಕು.

ಇನ್ನೊಬ್ಬ ಸದಸ್ಯರು (ಕ್ರೀಡಾ ಫಿಸಿಯೋ): ಒಂದು ಸೇರಿಸ್ತೀನಿ. ಚರ್ಮದ ಮೇಲಿನ ಎಲೆಕ್ಟ್ರೋಡ್‌ಗೆ ಹೊಟ್ಟೆಯ ಒಳಪದರದ ಟ್ರಾನ್ಸ್‌ವರ್ಸಸ್ ಸ್ನಾಯು ಸರಿಯಾಗಿ ಸಿಗಲ್ಲ, ಪಕ್ಕದ ಸ್ನಾಯುಗಳ ಸಿಗ್ನಲ್ ಬೆರೆಯುತ್ತೆ. ಅದಕ್ಕೆ ಸೂಜಿಯಲ್ಲಿ ಇಳಿಸೋ ತಂತಿ ಬೇಕು. ಇಎಂಜಿ ಏರಿದ್ದೆಲ್ಲ ಲಾಭವೂ ಅಲ್ಲ. ಮುಂದಿನ, ಹಿಂದಿನ ಸ್ನಾಯುಗಳು ಒಟ್ಟಿಗೆ ಬಿಗಿದರೆ ಬೆನ್ನುಮೂಳೆ ಮೇಲಿನ ಒತ್ತಡವೂ ಏರುತ್ತೆ. ಸೊಂಟನೋವು ಜೋರಾಗಿರೋವಾಗ ಬಾಲ್ ಬಿಟ್ಟು ನೆಲದಲ್ಲೇ ಬರ್ಡ್ ಡಾಗ್ (ಕೈ-ಮಂಡಿ ಊರಿ ಒಂದು ಕೈ, ಎದುರು ಬದಿಯ ಕಾಲು ಚಾಚೋದು), ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ತಿರುಗಿ ಒಂದು ಮೊಣಕೈ ಮೇಲೆ ಮೈ ಎತ್ತಿ ಹಿಡಿಯೋದು) ಮಾಡಿಸಿ. ನೋವು ಕಾಲಿಗೆ ಇಳೀತಿದ್ದರೆ ಮೊದಲು ಡಾಕ್ಟರ್ ನೋಡಲಿ.

ಟ್ರೇನರ್: ಧನ್ಯವಾದ ಸರ್. ಹಾಗಿದ್ರೆ ಬೋಸು ಮೂಲೆಗೆ ಹಾಕೋದಾ?

ಫಿಸಿಯೋ: ಬೇಡ, ಕಾಲು ಉಳುಕಿ ವಾಸಿಯಾದವರಿಗೆ ಅದೇ ಬೇಕು. ಒಂಟಿಕಾಲಲ್ಲಿ 20–30 ಸೆಕೆಂಡು, ಕೈಗೆಟುಕುವಲ್ಲಿ ಗೋಡೆ, ಬರಿಗಾಲು. ಮೊದಲು ಕಣ್ಣು ತೆರೆದು, ಆಮೇಲೆ ಕತ್ತು ಅತ್ತಿತ್ತ ತಿರುಗಿಸುತ್ತಾ. ಕಣ್ಣು ಮುಚ್ಚಿಸೋದು ಕೊನೆಗೆ, ಅದೂ ಫೋಮ್ ಪ್ಯಾಡ್ ಮೇಲೆ. ಟೈಲ್ಸ್ ನೆಲವಾದರೆ ಅಡಿಯಲ್ಲಿ ಯೋಗಾ ಮ್ಯಾಟ್ ಹಾಸಿ, ಜಾರುತ್ತೆ.