ಮೊದಲ ಡೈವ್ ಕಂಪ್ಯೂಟರ್: 25 ಸಾವಿರದೊಳಗೆ ಯಾವುದು ಕೊಳ್ಳಬಹುದು?

ಪ್ರಶ್ನೆ

ನಾನು ಮತ್ತು ನನ್ನ ಪತಿ ಮುರುಡೇಶ್ವರದಲ್ಲಿ ತರಬೇತಿ ಪಡೆದು ಸ್ಕೂಬಾ ಡೈವಿಂಗಿನ ಮೊದಲ ಹಂತವಾದ ಓಪನ್ ವಾಟರ್ ಪ್ರಮಾಣಪತ್ರ ಪಡೆದಿದ್ದೇವೆ. ಜನವರಿಯಲ್ಲಿ ಅಂಡಮಾನಿಗೆ ಹೋಗುವ ಯೋಚನೆಯಿದೆ. ಎಷ್ಟು ಆಳದಲ್ಲಿದ್ದೇವೆ, ಇನ್ನೆಷ್ಟು ನಿಮಿಷ ಇರಬಹುದು ಎಂದು ಮಣಿಕಟ್ಟಿನಲ್ಲೇ ತೋರಿಸುವ ಡೈವ್ ಕಂಪ್ಯೂಟರಿಗೆಂದು ಎತ್ತಿಟ್ಟಿರುವುದು 25 ಸಾವಿರ ರೂಪಾಯಿ. ಇಬ್ಬರಿಗೂ ಸೇರಿ ಒಂದು ಸಾಕೇ? ಬಣ್ಣದ ಪರದೆ ಇರುವ, ಸಿಲಿಂಡರಿನ ಒತ್ತಡವನ್ನೂ ತೋರಿಸುವ ಯಂತ್ರವನ್ನೇ ಕೊಳ್ಳಿ ಎಂದು ಅಂಗಡಿಯವರು ಒತ್ತಾಯಿಸುತ್ತಿದ್ದಾರೆ. ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ಮುರುಡೇಶ್ವರದಿಂದ

ನೇತ್ರಾಣಿ ದ್ವೀಪಕ್ಕೆ ಡೈವರ್‌ಗಳನ್ನು ಕರೆದೊಯ್ಯುವ ಕೆಲಸದಲ್ಲಿ ನಾನಿದ್ದೇನೆ. ಇಬ್ಬರಿಗೆ ಒಂದು ಎಂಬ ಯೋಚನೆಯನ್ನು ಮೊದಲು ಬಿಟ್ಟುಬಿಡಿ. ಬೇರೆ ಎಲ್ಲಿ ಬೇಕಾದರೂ ಕೈ ಬಿಗಿ ಹಿಡಿಯಿರಿ, ಇಲ್ಲಿ ಬೇಡ. ಆಳದಲ್ಲಿ ಉಸಿರಾಡುವ ಗಾಳಿಯ ಸಾರಜನಕ ಮೈಯಲ್ಲಿ ಸೇರುತ್ತಾ ಹೋಗುತ್ತದೆ, ಅವಸರದಲ್ಲಿ ಮೇಲೆ ಬಂದರೆ ಗುಳ್ಳೆಗಳಾಗಿ ಅಪಾಯ ತರುತ್ತದೆ. ಕಂಪ್ಯೂಟರು ಅದರ ಲೆಕ್ಕವಿಡುವುದು ತನ್ನನ್ನು ಕಟ್ಟಿಕೊಂಡ ದೇಹದ್ದು ಮಾತ್ರ. ನೀವು 15 ಮೀಟರ್ ಆಳದಲ್ಲಿ ಬಂಡೆಯ ಬುಡ ನೋಡುತ್ತಿರುವಾಗ ನಿಮ್ಮವರು 11 ಮೀಟರಿನಲ್ಲಿ ತೇಲುತ್ತಿದ್ದರೆ, ಇಬ್ಬರ ಮೈಯಲ್ಲಿ ಸೇರುವ ಸಾರಜನಕ ಒಂದೇ ಅಲ್ಲ. ಬೆಳಗಿನ ಡೈವ್‌ಗೆ ಒಬ್ಬರು, ಎರಡನೆಯದಕ್ಕೆ ಇನ್ನೊಬ್ಬರು ಕಟ್ಟಿಕೊಳ್ಳುವುದು ಅದಕ್ಕಿಂತ ಅಪಾಯಕರ. ಮೊದಲ ಡೈವ್‌ನಲ್ಲಿ ಸೇರಿದ ಸಾರಜನಕ ಯಾರದೋ, ಎರಡನೆಯ ಡೈವ್‌ಗೆ ಯಂತ್ರ ಕೊಡುವ ಅವಧಿ ಇನ್ನಾರಿಗೋ ಆಗುತ್ತದೆ. ನಿಮ್ಮ ಹಣಕ್ಕೆ ಒಂದೇ ಬರುವುದಾದರೆ ಒಂದನ್ನು ಕೊಂಡು, ಇನ್ನೊಂದನ್ನು ಅಂಡಮಾನಿನ ಡೈವ್ ಕೇಂದ್ರದಲ್ಲಿ ಬಾಡಿಗೆಗೆ ಪಡೆಯಿರಿ. ಬಾಡಿಗೆಗೆ ಪಡೆದದ್ದನ್ನೂ ಅಷ್ಟೂ ದಿನ ಒಬ್ಬರೇ ಕಟ್ಟಿಕೊಳ್ಳಬೇಕು. ಇದನ್ನು ಕೇಂದ್ರದವರಿಗೆ ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಮರುದಿನ ಬೇರೊಂದು ಕೈಗೆ ಬಂದೀತು.

ಇನ್ನು ಅಗ್ಗದ್ದು, ದುಬಾರಿಯದ್ದು ಎಂಬ ಮಾತು. ಇವುಗಳ ಒಳಗಿರುವುದು ಒತ್ತಡ ಅಳೆಯುವ ಸಂವೇದಕ, ಗಡಿಯಾರ ಮತ್ತು ಒಂದು ಗಣಿತ. ದೇಹದ ಅಂಗಾಂಶಗಳು ಬೇರೆ ಬೇರೆ ವೇಗದಲ್ಲಿ ಸಾರಜನಕವನ್ನು ಹೀರುತ್ತವೆ, ಬಿಡುತ್ತವೆ ಎಂಬ ಆಧಾರದ ಮೇಲೆ ಜಾನ್ ಸ್ಕಾಟ್ ಹಾಲ್ಡೇನ್ 1908ರಲ್ಲಿ ಆಳದಿಂದ ಸುರಕ್ಷಿತವಾಗಿ ಮೇಲೇರುವ ಕೋಷ್ಟಕಗಳನ್ನು ಪ್ರಕಟಿಸಿದರು. ಸ್ವಿಟ್ಜರ್ಲೆಂಡಿನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ಅದನ್ನೇ ಬೆಳೆಸಿ 16 ಅಂಗಾಂಶ ಗುಂಪುಗಳ ಲೆಕ್ಕ ಕೊಟ್ಟರು. ಇಂದು ಮಾರುಕಟ್ಟೆಯಲ್ಲಿರುವ ಯಂತ್ರಗಳೆಲ್ಲ ಹೆಚ್ಚುಕಡಿಮೆ ಈ ಪರಂಪರೆಯವೇ. ನಿಮ್ಮ ಮಟ್ಟದ ಡೈವಿಂಗಿಗೆ ದುಬಾರಿ ಯಂತ್ರದ ಗಣಿತ ನಿಮ್ಮನ್ನು ಹೆಚ್ಚು ಸುರಕ್ಷಿತರನ್ನಾಗಿ ಮಾಡುವುದಿಲ್ಲ.

ಹಾಗಾದರೆ ಕಂಪ್ಯೂಟರು ನಿಮಗೆ ಮಾಡಿಕೊಡುವ ಉಪಕಾರವೇನು? ತರಬೇತಿಯಲ್ಲಿ ಕಲಿತ ಕೋಷ್ಟಕವನ್ನು ನೆನಪಿಸಿಕೊಳ್ಳಿ. ಮೇಲೇರುವಾಗ ನಡುವೆ ಕಡ್ಡಾಯವಾಗಿ ನಿಲ್ಲಬೇಕಾಗದಂತೆ ಇರಬಹುದಾದ ಗರಿಷ್ಠ ಸಮಯ 18 ಮೀಟರಿಗೆ 56 ನಿಮಿಷ, 12 ಮೀಟರಿಗೆ 147 ನಿಮಿಷ. ನೇತ್ರಾಣಿಯ ಆಳದಲ್ಲಿ ಆ ಮಿತಿ ತಲುಪುವ ಎಷ್ಟೋ ಮೊದಲೇ ಹೊಸಬರ ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದಿರುತ್ತದೆ. ಅಲ್ಲಿ ನಿಮಗೆ ಹೆಚ್ಚು ಬೇಕಾಗುವುದು ಮೇಲೇರುವ ವೇಗದ ಎಚ್ಚರಿಕೆ. ಹೊಸಬರು ತೇಲಲೆಂದು ಗಾಳಿ ತುಂಬಿಕೊಳ್ಳುವ ಜಾಕೆಟ್ಟಿನಲ್ಲಿ ಗಾಳಿ ಸ್ವಲ್ಪ ಹೆಚ್ಚಾದರೂ ಕೊನೆಯ 10 ಮೀಟರಿನಲ್ಲಿ ಅದು ಹಿಗ್ಗಿ ಅವರನ್ನು ಮೇಲಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಒತ್ತಡ ಎರಡು ಪಟ್ಟಿನಿಂದ ಒಂದಕ್ಕೆ ಇಳಿಯುತ್ತದೆ. ನಿಮಿಷಕ್ಕೆ 9–10 ಮೀಟರ್ ದಾಟಿದರೆ ಬಹುತೇಕ ಯಂತ್ರಗಳು ಬೀಪ್ ಮಾಡುತ್ತವೆ. ನೀರಿನೊಳಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ, ಹಾಗಾಗಿ ಒಬ್ಬರದು ಕೂಗಿದರೆ ಗುಂಪಿನಲ್ಲಿದ್ದವರೆಲ್ಲ ತಮ್ಮ ತಮ್ಮ ಮಣಿಕಟ್ಟು ನೋಡಿಕೊಳ್ಳುತ್ತಾರೆ. ಅದು ಒಳ್ಳೆಯದೇ. ಮೇಲೆ ಬರುವ ಮುನ್ನ ಸುರಕ್ಷತೆಗೆಂದು 5 ಮೀಟರಿನಲ್ಲಿ 3 ನಿಮಿಷ ನಿಲ್ಲುವಾಗ ಆಳ, ಉಳಿದ ಸಮಯ ಎರಡನ್ನೂ ಒಂದೇ ನೋಟದಲ್ಲಿ ಓದಲು ಆಗಬೇಕು.

ಅಂಡಮಾನಿನಲ್ಲಿ ಲೆಕ್ಕ ಬದಲಾಗುತ್ತದೆ. ದಿನಕ್ಕೆ ಎರಡು ಮೂರು ಡೈವ್, ದಿನದ ಮೇಲೆ ದಿನ. ಕೋಷ್ಟಕ ಇಡೀ ಡೈವ್ ಅತಿ ಆಳದಲ್ಲೇ ನಡೆಯಿತೆಂದು ಭಾವಿಸುತ್ತದೆ. ಕಂಪ್ಯೂಟರು ನೀವು ಮೇಲಿನ ನೀರಿನಲ್ಲಿ ಕಳೆದ ಸಮಯವನ್ನು ಬೇರೆಯಾಗಿ ಎಣಿಸುತ್ತದೆ, ದೋಣಿಯಲ್ಲಿ ಕಳೆದ ಸಮಯವನ್ನೂ ಸೇರಿಸುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕ್ರೆಸಿ ಲಿಯೊನಾರ್ಡೊ ಅಥವಾ ಮಾರೆಸ್ ಪಕ್ ಸರಣಿಯ ಒಂದನ್ನು ಕೊಳ್ಳುತ್ತಿದ್ದೆ. ಲಿಯೊನಾರ್ಡೊ ಮತ್ತು ಪಕ್ ಪ್ರೊ ಎರಡಕ್ಕೂ ಇರುವುದು ಒಂದೇ ಗುಂಡಿ. ಮೆನುವಿನಲ್ಲಿ ಬೇಕಾದ ಜಾಗ ದಾಟಿಹೋದರೆ ಮತ್ತೆ ಸುತ್ತು ಹಾಕಿ ಬರಬೇಕು, ಆ ಕಿರಿಕಿರಿ ದಡದಲ್ಲಷ್ಟೇ. ನೀರಿನಲ್ಲಿ ದಪ್ಪ ಅಂಕಿಗಳು ಸ್ಪಷ್ಟವಾಗಿ ಕಾಣುತ್ತವೆ. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಲೆಕ್ಕವೂ ಇದೆ, ಮುಂದೆ ಆ ಕೋರ್ಸ್ ಮಾಡಿದಾಗ ಹೊಸದು ಕೊಳ್ಳಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿಯನ್ನು ನಾವೇ ಬದಲಿಸಬಹುದು. ಲಿಯೊನಾರ್ಡೊಗೆ ಸಿಆರ್ 2430, ಪಕ್ ಪ್ರೊಗೆ ಸಿಆರ್ 2450.

ಬ್ಯಾಟರಿ ಬದಲಿಸುವುದನ್ನು ಅವಸರದಲ್ಲಿ, ದೋಣಿಯ ಮೇಲೆ ಮಾಡಬೇಡಿ. ಒಣ ಮೇಜು, ಒಳ್ಳೆಯ ಬೆಳಕು ಬೇಕು. ಮುಚ್ಚಳ ತಿರುಗಿಸಿ ತೆಗೆದ ಮೇಲೆ ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿ. ಬಿರುಕಿದ್ದರೆ ಹೊಸದು ಹಾಕಿ. ಅದು ಕೂರುವ ತೋಡನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ, ರಿಂಗಿಗೆ ಸಿಲಿಕೋನ್ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ. ಅಡ್ಡಲಾಗಿ ಒಂದು ತಲೆಗೂದಲು ಸಿಕ್ಕಿಕೊಂಡರೂ ಸಾಕು, ಆಳದ ಒತ್ತಡಕ್ಕೆ ಅದೇ ದಾರಿಯಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತದೆ.

ದುಬೈಯಿಂದ

ಮೇಲಿನವರ ಮಾತಿಗೆ ಬಹುಪಾಲು ನನ್ನ ಸಹಮತವಿದೆ. ನಾವು ವಾರಾಂತ್ಯಗಳಲ್ಲಿ ಫುಜೈರಾ ಕಡೆಗೆ ಡೈವ್ ಮಾಡಲು ಹೋಗುತ್ತೇವೆ. ಪರದೆಯ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ನಲವತ್ತು ದಾಟಿ ಹತ್ತಿರದ ಅಕ್ಷರ ಮಸುಕಾಗತೊಡಗಿದ್ದರೆ ಬಣ್ಣದ ಪರದೆ ಶೋಕಿಯಲ್ಲ. ನನ್ನ ಕೈಯಲ್ಲಿರುವುದು ಶಿಯರ್‌ವಾಟರ್ ಪೆರಿಗ್ರಿನ್. ಕಲಕು ನೀರಿನಲ್ಲೂ ಅಂಕಿಗಳು ಎದ್ದು ಕಾಣುತ್ತವೆ, ಉಳಿದ ನಿಮಿಷ ಎಷ್ಟೆಂದು ಕಣ್ಣು ಕಿರಿದು ಮಾಡಿ ಹುಡುಕುವ ಕೆಲಸವಿಲ್ಲ. ಆದರೆ ಅದು ನಿಮ್ಮ 25 ಸಾವಿರದೊಳಗೆ ಬರುವುದಿಲ್ಲ, ಪ್ರವಾಸದಲ್ಲಿ ಚಾರ್ಜ್ ಮಾಡುವುದನ್ನೂ ನೆನಪಿಡಬೇಕು. ಕಣ್ಣು ಚೆನ್ನಾಗಿದ್ದರೆ ಅಗ್ಗದ್ದನ್ನೇ ಕೊಳ್ಳಿ. ಅಂಗಡಿಗೆ ಹೋದಾಗ ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಕೈ ಚಾಚಿ ಹಿಡಿದು ಓದಿ ನೋಡಿ.

ಸಿಲಿಂಡರಿನ ಒತ್ತಡವನ್ನು ಕಂಪ್ಯೂಟರಿಗೆ ಕಳಿಸುವ ಟ್ರಾನ್ಸ್‌ಮಿಟರ್ ಈಗ ಬೇಡವೇ ಬೇಡ. ಅದರ ಬೆಲೆಗೆ ಇನ್ನೊಂದು ಸಾದಾ ಕಂಪ್ಯೂಟರೇ ಬಂದೀತು, ನಿಮ್ಮ ಪತಿಯವರಿಗೆ. ಕೊಳವೆಯ ತುದಿಯ ಗೇಜನ್ನು ಆಗಾಗ ಎತ್ತಿ ನೋಡುವ ಅಭ್ಯಾಸ ಮೊದಲು ಕೈಗೆ ಹತ್ತಲಿ.

ನಿಮ್ಮಿಬ್ಬರ ಯಂತ್ರಗಳು ಬೇರೆ ಬೇರೆ ಕಂಪನಿಯವಾದರೆ ಉಳಿದ ನಿಮಿಷಗಳು ಹೊಂದುವುದಿಲ್ಲ. ಗಾಬರಿ ಬೇಡ. ಯಾವುದು ಕಡಿಮೆ ತೋರಿಸುತ್ತದೆಯೋ ಇಬ್ಬರೂ ಅದರ ಪ್ರಕಾರ ಮೇಲೇರಿ. ಇನ್ನೊಂದು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ. ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಟವೆಲಿನಲ್ಲಿ ಸುತ್ತಿಟ್ಟರೆ, ನೀರು ತಾಕಿದೊಡನೆ ತಾವಾಗಿ ಎಚ್ಚರಗೊಳ್ಳುವ ಮಾದರಿಗಳು ಚೀಲದೊಳಗೇ ಬ್ಯಾಟರಿ ತಿಂದುಬಿಡುತ್ತವೆ.

ಬೆಂಗಳೂರಿನಿಂದ

ನಾನು ಹಳೆಯ ಸುಂಟೊ ಜೂಪ್ ನೋವೊ ಒಂದನ್ನು ಪರಿಚಿತರಿಂದ ಕೊಂಡೆ, ಇಂದಿಗೂ ಚೆನ್ನಾಗಿದೆ. ದಪ್ಪ, ನೋಡಲು ಚಂದವಿಲ್ಲ, ಗಟ್ಟಿಮುಟ್ಟು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬ್ಯಾಟರಿ ಮುಚ್ಚಳ ತೆಗೆಸಿ ಒಳಗೆ ಹಸಿರು ಕಿಲುಬು ಇದೆಯೇ ನೋಡಿ, ಗುಂಡಿಗಳು ಒತ್ತಿದಾಗ ಸಿಕ್ಕಿಕೊಳ್ಳುತ್ತವೆಯೇ ನೋಡಿ. ಸಾಧ್ಯವಾದರೆ ಕೊಳ್ಳುವ ಮೊದಲು ಒಂದು ಡೈವ್‌ನಲ್ಲಿ ಬೇರೊಂದು ಯಂತ್ರದ ಪಕ್ಕ ಕಟ್ಟಿಕೊಂಡು ಆಳ ಹೋಲಿಸಿ. ಸಿಹಿನೀರು, ಉಪ್ಪುನೀರಿನ ಸೆಟ್ಟಿಂಗ್ ಬೇರೆಯಿದ್ದರೆ ಶೇಕಡಾ 3ರಷ್ಟು ವ್ಯತ್ಯಾಸ ಸಹಜ, ಅದಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಲಿಯೊನಾರ್ಡೊ ಒಂದನ್ನು ಕೊಂಡು, ಇನ್ನೊಂದನ್ನು ಬಾಡಿಗೆಗೆ ಪಡೆಯುತ್ತೇವೆ. ಎರಡು ಸಂದೇಹ ಉಳಿದಿವೆ. ಪತಿಯ ಬಳಿ 50 ಮೀಟರ್ ಎಂದು ಬರೆದ ಸ್ಮಾರ್ಟ್ ವಾಚ್ ಇದೆ, ಅದು ನಡೆಯುವುದಿಲ್ಲವೇ? ನಮ್ಮ ವಾಪಸು ವಿಮಾನ ಕೊನೆಯ ಡೈವ್‌ನ ಮರುದಿನ ಬೆಳಿಗ್ಗೆ 7ಕ್ಕೆ ಇದೆ, ಅಷ್ಟು ಅಂತರ ಸಾಕೇ?

ಮುರುಡೇಶ್ವರದಿಂದ

ಆ ವಾಚ್ ಬೇಡ. ಆ 50 ಮೀಟರ್ ಈಜಿಗೆ ಸಂಬಂಧಿಸಿದ್ದು, ಸ್ಕೂಬಾಗಲ್ಲ. ಆಪಲ್ ವಾಚ್ ಅಲ್ಟ್ರಾದಂಥ ಕೆಲವನ್ನು 40 ಮೀಟರ್‌ವರೆಗಿನ ಡೈವಿಂಗಿಗೆಂದೇ ತಯಾರಿಸಿದ್ದಾರೆ. ಅದಕ್ಕೂ ತಕ್ಕ ಆ್ಯಪ್ ಬೇಕು.

ವಿಮಾನದ ವಿಷಯ ಕೇಳಿದ್ದು ಬಹಳ ಒಳ್ಳೆಯದಾಯಿತು. ಮೇಲೆ ಹಾರುವಾಗ ಒತ್ತಡ ಕಡಿಮೆಯಾಗುವುದರಿಂದ ಮೈಯಲ್ಲಿ ಉಳಿದ ಸಾರಜನಕ ಆಗಲೂ ಗುಳ್ಳೆಗಳಾಗಬಹುದು. ಹಲವು ದಿನ, ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು, 24 ಆದರೆ ನೆಮ್ಮದಿ. ಬೆಳಿಗ್ಗೆ 7ರ ವಿಮಾನಕ್ಕೆ ಹಿಂದಿನ ದಿನ ಮಧ್ಯಾಹ್ನ 1ಕ್ಕೇ 18 ಗಂಟೆ. ಕೊನೆಯ ದಿನ ಡೈವ್ ಇಟ್ಟುಕೊಳ್ಳದೆ ಸ್ವರಾಜ್ ದ್ವೀಪದ (ಹಿಂದಿನ ಹ್ಯಾವ್‌ಲಾಕ್) ಕಡಲತೀರದಲ್ಲಿ ಅಡ್ಡಾಡಿ, ವಿಮಾನ ನಿಲ್ದಾಣವಿರುವ ಊರಿಗೆ ಹಡಗು ಹಿಡಿಯಿರಿ.

ಯಂತ್ರ ಕೈಗೆ ಬಂದೊಡನೆ ಕೈಪಿಡಿಯನ್ನು ಇಬ್ಬರೂ ಓದಿ. ಯಂತ್ರದಲ್ಲಿ ಡೈವ್ ಯೋಜನೆಯ ಪರದೆ ಇರುತ್ತದೆ. 12, 15, 18 ಮೀಟರಿಗೆ ಎಷ್ಟು ನಿಮಿಷ ಕೊಡುತ್ತದೆಂದು ನೋಡಿ ಕೋಷ್ಟಕದ ಜೊತೆ ಹೋಲಿಸಿ, ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಮಿತಿ ಮೀರಿದಾಗ ಪರದೆ ಹೇಗೆ ಬದಲಾಗುತ್ತದೆ, ನಿಲ್ಲಬೇಕಾದ ಆಳವನ್ನು ಎಲ್ಲಿ ತೋರಿಸುತ್ತದೆ ಎಂಬ ಚಿತ್ರವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ. ಆ ಸೂಚನೆ ಮೀರಿ ಮೇಲೆ ಬಂದರೆ ಹಲವು ಯಂತ್ರಗಳು 24ರಿಂದ 48 ಗಂಟೆ ಲೆಕ್ಕ ಕೊಡುವುದನ್ನೇ ನಿಲ್ಲಿಸುತ್ತವೆ. ಹಾಗೇನಾದರೂ ಆದರೆ ಬೇರೊಂದು ಕಂಪ್ಯೂಟರ್ ಕಟ್ಟಿಕೊಂಡು ನೀರಿಗಿಳಿಯಬೇಡಿ, ಡೈವ್ ಮಾಸ್ಟರಿಗೆ ತಿಳಿಸಿ.