ಕೌನ್ಸೆಲರ್ ಕಪಾಟಿನ ಕೀ ಯಾರ ಹತ್ತಿರ ಇರಬೇಕು?

ಪ್ರಶ್ನೆ (ಟ್ರಸ್ಟಿ, ಉಡುಪಿ): ನಮ್ಮದು ಹೆಣ್ಣುಮಕ್ಕಳ ಪಾಲನಾ ಸಂಸ್ಥೆ. ಮಂಜೂರಾತಿ 50, ಈಗ ಇರುವುದು 38 ಮಕ್ಕಳು. ಎರಡು ವರ್ಷದಲ್ಲಿ ಮೂರನೇ ಕೌನ್ಸೆಲರ್ ಕೆಲಸ ಬಿಟ್ಟಿದ್ದಾರೆ. ಪ್ರತಿ ಸಲ ಜಗಳ ಒಂದೇ. ಅಧೀಕ್ಷಕಿ ಮೇಡಂ "ಮಕ್ಕಳು ಎಂತ ಹೇಳಿದ್ರು, ಬರೆದದ್ದು ತೋರಿಸಿ, ನಾಳೆ ಏನಾದ್ರೂ ಆದ್ರೆ ಉತ್ತರ ಕೊಡಬೇಕಾದವಳು ನಾನು" ಅನ್ನುತ್ತಾರೆ. ಕೌನ್ಸೆಲರ್ "ಅದು ಗೌಪ್ಯ, ಕೊಡ್ಲಿಕ್ಕೆ ಆಗುವುದಿಲ್ಲ" ಅನ್ನುತ್ತಾರೆ. ಇಬ್ಬರೂ ಮಕ್ಕಳ ಬಗ್ಗೆ ಪ್ರೀತಿ ಇರುವವರೇ. ಟ್ರಸ್ಟ್‌ನವರು ಯಾರ ಮಾತು ಹಿಡಿಯುವುದು? ಕೌನ್ಸೆಲರ್ ಬರೆದದ್ದನ್ನು ಇಡುವ ಕಪಾಟಿನ ಕೀ ಯಾರ ಹತ್ತಿರ ಇರಬೇಕು?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಮಂಗಳೂರು): ಕೀ ಕೌನ್ಸೆಲರ್ ಹತ್ತಿರ ಇರಲಿ. ಎರಡನೇ ಕೀಯನ್ನು ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಇಬ್ಬರೂ ಸಹಿ ಮಾಡಿ ಅಧೀಕ್ಷಕಿಯವರ ಲಾಕರಿನಲ್ಲಿ ಇಡಿ. ಕೌನ್ಸೆಲರ್ ಸಿಗದೆ ತುರ್ತಾಗಿ ಒಡೆಯಬೇಕಾಗಿ ಬಂದರೆ ದಿನಾಂಕ, ಗಂಟೆ, ಕಾರಣ ರಿಜಿಸ್ಟರಿನಲ್ಲಿ ಬರೆಯಬೇಕು. ಆದರೆ ಬರೀ ಕೀಯಿಂದ ನಿಮ್ಮ ಜಗಳ ಮುಗಿಯುವುದಿಲ್ಲ. ಎರಡು ಫೈಲ್ ಇರಬೇಕಾದ ಕಡೆ ನಿಮ್ಮಲ್ಲಿ ಒಂದೇ ಇರುವ ಹಾಗೆ ಕಾಣುತ್ತದೆ.

ಒಂದು, ಮಗುವಿನ ಕೇಸ್ ಫೈಲ್. ಮಕ್ಕಳ ಕಲ್ಯಾಣ ಸಮಿತಿಯ (ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲೆಯ ಸಮಿತಿ) ಆದೇಶ, ಸಾಮಾಜಿಕ ತನಿಖಾ ವರದಿ (ನಮೂನೆ 22), ವೈಯಕ್ತಿಕ ಪಾಲನಾ ಯೋಜನೆ (ನಮೂನೆ 7), ಆರೋಗ್ಯ ಮತ್ತು ಶಾಲೆಯ ದಾಖಲೆ ಇದರಲ್ಲಿ ಇರುತ್ತವೆ. ಇದು ಸಂಸ್ಥೆಯದು. ಅಧೀಕ್ಷಕಿ, ಕೇಸ್ ವರ್ಕರ್, ತಪಾಸಣೆಗೆ ಬರುವ ಅಧಿಕಾರಿ ಎಲ್ಲರೂ ನೋಡಬಹುದು. ಎರಡನೆಯದು ಕೌನ್ಸೆಲರ್ ತನ್ನ ಕೆಲಸಕ್ಕಾಗಿ ಬರೆಯುವ ಸೆಷನ್ ಟಿಪ್ಪಣಿ. ಮಗು ಹೇಳಿದ ಮಾತು, ಅಳು, ಬಿಡಿಸಿದ ಚಿತ್ರ ಎಲ್ಲ ಅದರಲ್ಲಿ. ಕಪಾಟಿಗೆ ಹೋಗುವುದು ಇದೊಂದೇ. ಹೊರಗಿನ ಕವರಿನಲ್ಲಿ ಹೆಸರು ಬೇಡ, ಕೋಡ್ ನಂಬರ್ ಸಾಕು. ಪಾಲನಾ ಯೋಜನೆಯ ಪ್ರಗತಿ ವರದಿಯನ್ನು ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬರೆಯಬೇಕೆಂದು ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ನಮೂನೆಯಲ್ಲೇ ಉಂಟು. ಕೌನ್ಸೆಲರ್ ಅದಕ್ಕೆ ತಾನು ಕಂಡುಕೊಂಡದ್ದು ಮತ್ತು ಮುಂದೆ ಮಾಡಬೇಕಾದದ್ದು ಇವೆರಡನ್ನು ಬರೆದುಕೊಡಲೇಬೇಕು. "ಗೌಪ್ಯ" ಎಂದು ಹೇಳಿ ಅದನ್ನೂ ಕೊಡದೆ ಇರುವ ಕೌನ್ಸೆಲರ್ ಮಾಡುವುದು ತಪ್ಪೇ.

ಉದಾಹರಣೆಗೆ, ಹತ್ತು ವರ್ಷದ ಹುಡುಗಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ. ಮನೆಯಲ್ಲಿ ಕುಡಿದು ಬಂದ ಅಪ್ಪ ನಡುರಾತ್ರಿ ಕೂದಲು ಹಿಡಿದು ಎಬ್ಬಿಸುತ್ತಿದ್ದನಂತೆ. ಈ ಕಥೆ ಮಕ್ಕಳ ಜತೆ ಉಳಿದು ನೋಡಿಕೊಳ್ಳುವ ಹೌಸ್ ಮದರ್‌ಗೆ ಬೇಡ. ಅವರಿಗೆ ಬೇಕಾದದ್ದು ಅರ್ಧ ಹಾಳೆಯ ಚೀಟಿ: "ರಾತ್ರಿ 7ರ ನಂತರ ನೀರು ಕಮ್ಮಿ. 11 ಗಂಟೆಗೆ ಹೆಸರು ಕರೆದು ಎಬ್ಬಿಸಿ, ತಲೆ ಮುಟ್ಟಬೇಡಿ. ಸಣ್ಣ ಲೈಟ್ ಉರಿಯಲಿ. ಒದ್ದೆಯಾದ ಚಾದರ ಬೆಳಿಗ್ಗೆ ಅವಳ ಕೈಯಲ್ಲಿ ಎಲ್ಲರೆದುರು ಒಗೆಸಬೇಡಿ. ಮೂತ್ರ ಪರೀಕ್ಷೆ ಮತ್ತು ಮಲಬದ್ಧತೆಯ ಬಗ್ಗೆ ನರ್ಸ್ ಈ ವಾರ ನೋಡಲಿ." ಕಥೆಯೇ ಗೊತ್ತಿದ್ದರೆ, ಒಂದು ದಿನ ಬಚ್ಚಲಿನ ಸಾಲಿನಲ್ಲಿ ಜಗಳವಾದಾಗ ದಣಿದವರ ಬಾಯಲ್ಲಿ "ನಿನ್ನ ಅಪ್ಪನ ಬುದ್ಧಿಯೇ ನಿನಗೂ" ಎಂಬ ಮಾತು ಬಂದೇ ಬರುತ್ತದೆ. ಅಲ್ಲಿಗೆ ಆ ಮಗು ಬಾಯಿ ಮುಚ್ಚುತ್ತದೆ, ಅವಳ ಕೋಣೆಯ ಉಳಿದ ಏಳು ಮಕ್ಕಳೂ ಮುಚ್ಚುತ್ತಾರೆ. ಅಧೀಕ್ಷಕಿಯವರಿಗೆ ಬೇಕಾದ ಸುರಕ್ಷತೆ ಮಕ್ಕಳು ಮಾತಾಡುವುದರಿಂದಲೇ ಬರಬೇಕು.

ಗೌಪ್ಯತೆ ಮುರಿಯಲೇಬೇಕಾದ ಸಂದರ್ಭಗಳನ್ನು ಮೊದಲ ಸೆಷನ್ನಿನಲ್ಲೇ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿಬಿಡಬೇಕು: ಯಾರಾದರೂ ನಿನಗೆ ಅಥವಾ ಬೇರೆ ಮಗುವಿಗೆ ನೋವು ಮಾಡಿದ್ದರೆ, ನೀನು ನಿನಗೇ ನೋವು ಮಾಡಿಕೊಳ್ಳುವ ಯೋಚನೆ ಇದ್ದರೆ, ನೀನು ಇನ್ನೊಬ್ಬರಿಗೆ ಮಾಡುವುದಿದ್ದರೆ, ಕೋರ್ಟು ಅಥವಾ ಸಮಿತಿ ಕೇಳಿದರೆ. ಈ ನಾಲ್ಕನ್ನು ಕೌನ್ಸೆಲಿಂಗ್ ಕೋಣೆಯ ಗೋಡೆಗೂ ಅಂಟಿಸಿ.

ಪ್ರಶ್ನೆ (ಅಧೀಕ್ಷಕಿ, ಮಂಗಳೂರು): ಸರ್, ಚೀಟಿ ಸರಿ. ಆದರೆ ರಾತ್ರಿ ಎರಡು ಗಂಟೆಗೆ ಕೂಗಾಟ ಶುರುವಾದರೆ ಕೌನ್ಸೆಲರ್ ಮನೆಯಲ್ಲಿ ಮಲಗಿರುತ್ತಾರೆ, ಓಡುವವರು ನಾವು. ಕೌನ್ಸೆಲರ್ ನಮ್ಮ ಕೈಕೆಳಗೆ ಅಲ್ಲ ಅಂದರೆ ಸಂಸ್ಥೆ ನಡೆಯುವುದು ಹೇಗೆ?

ಉತ್ತರ (ನಿವೃತ್ತ ಅಧೀಕ್ಷಕಿ, ಉಡುಪಿ): ಮೇಡಂ, ಕೈಕೆಳಗೇ. ಹಾಜರಿ, ರಜೆ, ಕೋಣೆ, ದುಡ್ಡು, ವರದಿ ಸಮಯಕ್ಕೆ ಬಂತಾ ಇಲ್ಲವಾ, ಇವು ನಿಮ್ಮವು. ಯಾವ ಮಗುವನ್ನು ಎಷ್ಟು ದಿನಕ್ಕೊಮ್ಮೆ ನೋಡುವುದು, ಸೈಕಿಯಾಟ್ರಿಸ್ಟ್ ಹತ್ತಿರ ಯಾವಾಗ ಕಳಿಸುವುದು, ಸೆಷನ್ನಿನಲ್ಲಿ ಎಂತ ಮಾಡುವುದು, ಇವು ಅವರವು. ಈ ಕೆಲಸದ ಗುಣಮಟ್ಟವನ್ನು ನೀವು ಅಳೆಯುವುದೂ ಬೇಡ. ಹೊರಗಿನ ಒಬ್ಬ ಹಿರಿಯರನ್ನು ಮೇಲ್ವಿಚಾರಣೆಗೆ ಗೊತ್ತು ಮಾಡಿ, ತಿಂಗಳಿಗೆ ಎರಡು ಸಲ, ಒಂದೊಂದು ಗಂಟೆ. ಸಂಬಳದ ಜತೆ ಇದನ್ನೂ ಬಜೆಟ್ಟಿನಲ್ಲಿ ಬರೆಯಿರಿ. ಸುಮ್ಮನೆ "ನೋಡುವ" ಅಂದರೆ ಆಗುವುದೇ ಇಲ್ಲ.

ರಾತ್ರಿಗೆ ಒಂದು ಹ್ಯಾಂಡೋವರ್ ಪುಸ್ತಕ ಬೇಕು. ಸಂಜೆ 7.30ಕ್ಕೆ ಕೌನ್ಸೆಲರ್ ಹೊರಡುವ ಮೊದಲು ಮೂರು ಸಾಲು: ಇವತ್ತು ಯಾರ ಮನಸ್ಸು ಕಲಕಿದೆ, ಯಾವುದರಿಂದ, ಎಂತ ಮಾಡಿದರೆ ಸಮಾಧಾನ. ಬೆಳಿಗ್ಗೆ ಹೌಸ್ ಮದರ್ ಮೂರು ಸಾಲು: ಯಾರು ನಿದ್ದೆ ಮಾಡಲಿಲ್ಲ, ಯಾರು ಊಟ ಬಿಟ್ಟರು, ಮಾತ್ರೆ ಯಾರು ಕೊಟ್ಟರು. "ಹಠ ಮಾಡಿದಳು", "ನಾಟಕ ಮಾಡಿದಳು" ಎಂದು ಬರೆಯಲಿಕ್ಕೆ ಬಿಡಬೇಡಿ. "9.15ಕ್ಕೆ ಫೋನ್ ಬಂದ ನಂತರ ತಟ್ಟೆ ಎಸೆದಳು, 9.40ಕ್ಕೆ ತಣ್ಣಗಾದಳು" ಎಂದು ಬರೆದರೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ. ಫೋನ್ ಯಾರದು ಎಂದು ಮರುದಿನ ಕೇಳಬಹುದಲ್ಲ. ಇನ್ನು, ಸೋಮವಾರ ಮಕ್ಕಳು ಶಾಲೆಗೆ ಹೋದ ಮೇಲೆ 45 ನಿಮಿಷದ ಸಭೆ: ನೀವು, ಕೌನ್ಸೆಲರ್, ಕೇಸ್ ವರ್ಕರ್, ನರ್ಸ್, ಒಬ್ಬ ಹೌಸ್ ಮದರ್. ವಾರಕ್ಕೆ ಐದೇ ಮಕ್ಕಳ ಬಗ್ಗೆ ಮಾತು. ಹೌಸ್ ಮದರ್ ಮೊದಲು ಮಾತಾಡಲಿ. ಕೊನೆಗೆ ಬಿಟ್ಟರೆ ಡಿಗ್ರಿ ಇರುವವರ ಮಾತು ಕೇಳಿ ಅವರು ಸುಮ್ಮನಾಗುತ್ತಾರೆ, ಮಗುವಿನ ಜತೆ ಇಡೀ ರಾತ್ರಿ ಇದ್ದವರು ಅವರೊಬ್ಬರೇ ಆಗಿದ್ದರೂ.

ಕೌನ್ಸೆಲರ್ ಬಿಟ್ಟು ಹೋಗುವುದಕ್ಕೆ ಇನ್ನೊಂದು ದೊಡ್ಡ ಕಾರಣ ಕೆಲಸದ ಹೊತ್ತು. ಬೆಳಿಗ್ಗೆ 9.30ರಿಂದ 5.30 ಎಂದು ಇಟ್ಟರೆ ಮಕ್ಕಳು ಶಾಲೆಯಲ್ಲಿ, ಕೌನ್ಸೆಲರ್ ಆಫೀಸಿನಲ್ಲಿ. ಆಗ ಅವರ ಕೈಗೆ ದಾನಿಗಳ ಪತ್ರ, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಸ್ಟಾಕ್ ರಿಜಿಸ್ಟರ್ ಎಲ್ಲ ಬರುತ್ತದೆ. 11.30ರಿಂದ 7.30 ಮಾಡಿ. ಚಾ ತಿಂಡಿ ಆದ ಮೇಲೆ 4.30, 5.30, 6.30, ಒಂದೊಂದೂ 45 ನಿಮಿಷ. ವಾರಕ್ಕೆ 15 ಸೆಷನ್, ಶನಿವಾರ ಮಧ್ಯಾಹ್ನದಿಂದ 5, ಒಟ್ಟು 20. ಟ್ರಸ್ಟಿಯವರ 38 ಮಕ್ಕಳಲ್ಲಿ ತೀವ್ರ ಕಷ್ಟದ 8 ಮಂದಿಗೆ ವಾರಕ್ಕೊಮ್ಮೆ, 12 ಮಂದಿಗೆ ಹದಿನೈದು ದಿನಕ್ಕೊಮ್ಮೆ, ಉಳಿದ 18 ಮಂದಿಗೆ ತಿಂಗಳಿಗೊಮ್ಮೆ ಎಂದರೆ ವಾರಕ್ಕೆ ಸುಮಾರು 18 ಅಥವಾ 19 ಆಗುತ್ತದೆ. ತುರ್ತಿಗೆ ಉಳಿಯುವುದು ಒಂದೋ ಎರಡೋ. ಮಾದರಿ ನಿಯಮಗಳಲ್ಲಿ 100 ಮಕ್ಕಳಿಗೆ 2 ಕೌನ್ಸೆಲರ್, 3 ಕೇಸ್ ವರ್ಕರ್, 4 ಹೌಸ್ ಮದರ್ ಎಂದು ಇರುವುದು ತೀರಾ ಕನಿಷ್ಠ. ಅದರೊಳಗೆ ಬೇರೆ ಕೆಲಸ ತುರುಕಿದರೆ ಮೊದಲು ತಪ್ಪುವುದು ಸುಮ್ಮನಿರುವ ಮಕ್ಕಳ ಸೆಷನ್. ಮತ್ತೆ, 7.30ರ ಬಸ್ಸು ತಪ್ಪಿದ ದಿನ ರಿಕ್ಷಾ ಬಾಡಿಗೆ ಸಂಸ್ಥೆಯೇ ಕೊಡಬೇಕು. ಅದು ಉಪಕಾರ ಅಲ್ಲ.

ಪ್ರಶ್ನೆ (ಟ್ರಸ್ಟಿ, ಉಡುಪಿ): ಹೊಸಬರನ್ನು ತೆಗೆದುಕೊಳ್ಳುವಾಗ ಸಮಾಜಕಾರ್ಯದ ಎಂಎಸ್‌ಡಬ್ಲ್ಯು ನೋಡಬೇಕಾ, ಎಂಎಸ್ಸಿ ಸೈಕಾಲಜಿಯಾ? ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಕೊಡುವಷ್ಟು ಸಂಬಳ ನಮ್ಮಲ್ಲಿ ಇಲ್ಲ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಪೂರ್ಣಾವಧಿಗೆ ಬೇಕಾಗಿಯೂ ಇಲ್ಲ. ದಿನನಿತ್ಯದ ಕೌನ್ಸೆಲಿಂಗ್‌ಗೆ ಸೈಕಾಲಜಿ ಸ್ನಾತಕೋತ್ತರ ಮಾಡಿ ಮಕ್ಕಳ ಜತೆ ಕೆಲಸ ಮಾಡಿದವರು ಸಾಕು. ಮನೆ ಭೇಟಿ, ಕುಟುಂಬ ಹುಡುಕುವುದು, ಸಮಿತಿಗೆ ವರದಿ ಇವಕ್ಕೆ ಎಂಎಸ್‌ಡಬ್ಲ್ಯು ಮಾಡಿದವರೇ ಚೆನ್ನ. ಇವರಿಬ್ಬರ ಕೆಲಸ ಅದಲು ಬದಲು ಮಾಡಿದರೆ ಎರಡೂ ಅರ್ಧ ಆಗುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ನಂಬರ್ ಕೇಳಿ, ನೋಡಿ, ಮತ್ತೆ ಸಹಿ ಹಾಕಿ. ಹದಿನೈದು ದಿನಕ್ಕೊಮ್ಮೆ ಅರ್ಧ ದಿನ ಬಂದರೆ ಪರೀಕ್ಷೆ ಮತ್ತು ಕಠಿಣ ಕೇಸುಗಳಿಗೆ ಸಾಕು. ಮಣಿಪಾಲದಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೇ ಉಂಟು, ಪತ್ರ ಬರೆದು ಕೇಳಿ.

ಭಾಷೆಯ ವಿಷಯ ಯಾರೂ ಗಮನಿಸುವುದಿಲ್ಲ, ನನಗೆ ಅದೇ ದೊಡ್ಡದು. ನಮ್ಮ ಕಡೆ ಒಂದೇ ಕೋಣೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳು, ಜತೆಗೆ ಮಲ್ಪೆ, ಬಂದರಿನ ಕಡೆ ಕೆಲಸಕ್ಕೆ ಬಂದವರ ಹಿಂದಿ, ಒಡಿಯಾ ಮಾತಾಡುವ ಮಕ್ಕಳೂ ಇರುತ್ತಾರೆ. ಬುದ್ಧಿಮಟ್ಟ ಅಳೆಯುವ ಬಿನೆಟ್-ಕಾಮತ್ ಪರೀಕ್ಷೆಯನ್ನು ಕನ್ನಡದಲ್ಲಿ ಕೇಳಿ, ಕನ್ನಡವೇ ಸರಿಯಾಗಿ ಬಾರದ ಮಗುವಿಗೆ ಬುದ್ಧಿಮಾಂದ್ಯ ಎಂದು ಬರೆದರೆ ಆ ಕಾಗದ ಅದರ ಜೀವನಪೂರ್ತಿ ಬೆನ್ನು ಹತ್ತುತ್ತದೆ. ಹೊಸದಾಗಿ ಬಂದು ಮೂರು ತಿಂಗಳಾಗದ, ನಿದ್ದೆ ಇಲ್ಲದ, ರಕ್ತಹೀನತೆ ಇರುವ ಮಗುವಿಗೂ ಈ ಪರೀಕ್ಷೆ ಬೇಡ, ಅಂಕ ಕೆಳಗೇ ಬರುತ್ತದೆ. ಅನುವಾದಕ್ಕೆ ಹೌಸ್ ಮದರ್‌ರನ್ನಾಗಲಿ ಇನ್ನೊಂದು ಮಗುವನ್ನಾಗಲಿ ಕೂರಿಸಬೇಡಿ. ಫೀಲ್ಡ್‌ವರ್ಕಿಗೆ ಬರುವ ವಿದ್ಯಾರ್ಥಿಗಳಿಗೆ ಟ್ಯೂಷನ್, ಆಟ, ಗುಂಪು ಚಟುವಟಿಕೆ ಕೊಡಿ. ಸೆಮಿಸ್ಟರ್ ಮುಗಿದ ಕೂಡಲೇ ಹೋಗುವವರ ಹತ್ತಿರ ಗಾಯ ಬಿಚ್ಚಿಸುವುದು ಬೇಡ.

ಪ್ರಶ್ನೆ (ಕೇಸ್ ವರ್ಕರ್, ಮಂಗಳೂರು): ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ನನ್ನ ಹತ್ತಿರ ಹೇಳಿದರೆ ಮೊದಲು ಯಾರಿಗೆ ತಿಳಿಸುವುದು? "ಮೊದಲು ಟ್ರಸ್ಟ್‌ಗೆ ಹೇಳಿ, ನಾವು ವಿಚಾರಿಸಿ ನೋಡುತ್ತೇವೆ" ಎನ್ನುತ್ತಾರೆ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಒಳಗಿನ ವಿಚಾರಣೆ ಮಾಡಲೇಬಾರದು. ಪೋಕ್ಸೋ ಕಾಯ್ದೆ 2012ರ ಕಲಂ 19ರ ಪ್ರಕಾರ ಗೊತ್ತಾದವರೇ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕು, ಯಾರ ಅನುಮತಿಯೂ ಬೇಡ. ತಿಳಿಸದಿದ್ದರೆ ಕಲಂ 21ರಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಆರೋಪ ಸಿಬ್ಬಂದಿಯ ಮೇಲೆಯೇ ಇದ್ದು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಅವರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಉಂಟು.

ನೀವು ಮಾಡಬೇಕಾದದ್ದು: ಮಗು ಹೇಳಿದಷ್ಟೇ ಕೇಳಿ. "ಮತ್ತೆ ಎಂತ ಆಯ್ತು" ಎಂಬುದರ ಆಚೆ ಪ್ರಶ್ನೆ ಬೇಡ, "ಅವನು ಹೀಗೆ ಮಾಡಿದನಾ" ಎಂದು ಬಾಯಿಗೆ ಮಾತು ಹಾಕಬೇಡಿ. ಹೊರಗೆ ಬಂದ ಕೂಡಲೇ ಮಗು ಬಳಸಿದ ಅದೇ ಪದಗಳಲ್ಲಿ, ತುಳುವಾದರೆ ತುಳುವಿನಲ್ಲೇ, ದಿನಾಂಕ ಮತ್ತು ಗಂಟೆ ಹಾಕಿ ಬರೆಯಿರಿ. ಘಟನೆ ಈಚಿನದಾದರೆ ಸ್ನಾನ ಮಾಡಿಸುವುದು, ಬಟ್ಟೆ ಒಗೆಯುವುದು ಬೇಡ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಬಿಟ್ಟು ಕಾಗದದ ಕವರಿನಲ್ಲಿ ಇಡಿ. ಆರೋಪಿ ಆವರಣದಲ್ಲಿದ್ದರೆ ಮಗುವಿನಿಂದ ದೂರ ಹೋಗಬೇಕಾದವನು ಅವನು. ಮಗುವನ್ನು ಬೇರೆ ಕೋಣೆಗೆ ಹಾಕಿದರೆ ತಾನೇ ತಪ್ಪು ಮಾಡಿದೆ ಎಂದುಕೊಳ್ಳುತ್ತದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು, ಆದರೂ ನೀವು ಸಮಿತಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೇಳಿಕೆ ತೆಗೆದುಕೊಳ್ಳಲು ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಬಂದರೆ ಗೇಟಿನಲ್ಲೇ ವಿನಯದಿಂದ ಹೇಳಿ. ಟ್ರಸ್ಟ್‌ಗೆ ಇದೆಲ್ಲದರ ಜತೆಯಲ್ಲೇ ತಿಳಿಸಿ, ಮೊದಲು ಅಲ್ಲ.

ಪ್ರಶ್ನೆ (ಹೌಸ್ ಮದರ್, ಉಡುಪಿ): ಮಳೆಗಾಲದಲ್ಲಿ ಡಿಸಿಯವರು ರಜೆ ಕೊಟ್ಟ ದಿನವೇ ಜಗಳ ಜಾಸ್ತಿ. ಎಂತ ಮಾಡುವುದು?

ಉತ್ತರ (ನಿವೃತ್ತ ಅಧೀಕ್ಷಕಿ): ಅಕ್ಕ, ನೀವು ಗಮನಿಸಿದ್ದು ಸರಿ. ಹೊರಗೆ ಓಡುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಕರೆಂಟಿಲ್ಲ, ದಿನದ ಕ್ರಮ ತಪ್ಪಿರುತ್ತದೆ. ಜೂನ್ ಬರುವ ಮೊದಲೇ "ರಜೆ ದಿನದ ವೇಳಾಪಟ್ಟಿ" ಬರೆದು ಗೋಡೆಗೆ ಹಾಕಿ. ಬೆಳಿಗ್ಗೆ ಒಂದು ಗಂಟೆ ಮೈ ಬೆವರುವ ಕೆಲಸ, ಚಾವಡಿಯಲ್ಲಿ ಹಗ್ಗದಾಟ, ಕುಣಿತ ಯಾವುದಾದರೂ ಆಗಲಿ. ಮಧ್ಯಾಹ್ನ ನಾಲ್ಕೈದು ಮಕ್ಕಳ ಸಣ್ಣ ಗುಂಪು ಮಾಡಿ. 38 ಮಕ್ಕಳನ್ನು ಒಂದೇ ಟಿವಿ ಎದುರು ಕೂರಿಸಿದಲ್ಲೇ ಜಗಳ ಹುಟ್ಟುವುದು. ಆ ದಿನ ಇನ್ನೊಬ್ಬ ಸಿಬ್ಬಂದಿಯನ್ನು ಹಗಲಿಗೆ ಕರೆಸಬೇಕು ಎಂದು ಅಧೀಕ್ಷಕಿಯವರ ಹತ್ತಿರ ಬರವಣಿಗೆಯಲ್ಲೇ ಕೇಳಿ.

ಪ್ರಶ್ನೆ (ಟ್ರಸ್ಟಿ, ಉಡುಪಿ): ಎಲ್ಲರಿಗೂ ಧನ್ಯವಾದ. ಲಕೋಟೆ, ಎರಡು ಫೈಲ್, ಸೋಮವಾರದ ಸಭೆ ಈ ತಿಂಗಳೇ ಶುರು ಮಾಡುತ್ತೇವೆ. ಕೀ ವಿಷಯ ಬಂತಲ್ಲ, ಮಕ್ಕಳ ಸಲಹಾ ಪೆಟ್ಟಿಗೆಯ ಕೀ? ನಮ್ಮಲ್ಲಿ ಅದು ಆಫೀಸಿನ ಡ್ರಾಯರಿನಲ್ಲಿ ಉಂಟು. ಮೂರು ತಿಂಗಳಿಂದ ಒಂದು ಚೀಟಿಯೂ ಬಿದ್ದಿಲ್ಲ.

ಉತ್ತರ (ನಿವೃತ್ತ ಅಧೀಕ್ಷಕಿ): ಕೀ ಆಫೀಸಿನಲ್ಲಿ ಇರುವುದರಿಂದಲೇ ಬೀಳುವುದಿಲ್ಲ, ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ನಿಯಮದ ಪ್ರಕಾರ ಅದು ಸಂಸ್ಥೆಯ ನಿರ್ವಹಣಾ ಸಮಿತಿಯ ಅಧ್ಯಕ್ಷರಾದ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯವರ ಹತ್ತಿರ ಇರಬೇಕು. ಅವರೋ ಅವರ ಪ್ರತಿನಿಧಿಯೋ ವಾರಕ್ಕೊಮ್ಮೆ ಸಂಸ್ಥೆಯ ಮಕ್ಕಳದ್ದೇ ಆದ ಮಕ್ಕಳ ಸಮಿತಿಯವರ ಎದುರು ತೆರೆಯಬೇಕು. ಇವತ್ತೇ ಪತ್ರ ಬರೆದು ಕೀ ಒಪ್ಪಿಸಿ. ಪೆಟ್ಟಿಗೆಯನ್ನು ಆಫೀಸಿನ ಎದುರಿನಿಂದ ತೆಗೆದು ಮಕ್ಕಳು ಮಲಗುವ ಕಡೆ, ಸಿಸಿಟಿವಿ ಕಾಣದ ಗೋಡೆಗೆ, ಅಲ್ಲಿರುವ ಅತಿ ಸಣ್ಣ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಹಾಕಿ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್, ಕತ್ತರಿಸಿದ ಕಾಗದ. ಬರೆಯಲು ಬಾರದವರು ಚಿತ್ರ ಬಿಡಿಸಿ ಹಾಕಬಹುದು ಎಂದು ಹೇಳಿ. ಮೊದಲು ಬೀಳುವುದು ಸಾರಿಗೆ ಉಪ್ಪಿಲ್ಲ, ಬಚ್ಚಲಿನ ಚಿಲಕ ಹೋಗಿದೆ ಎಂಬಂಥ ಚೀಟಿಗಳು. ಆ ಚಿಲಕವನ್ನು ಅದೇ ವಾರ ಸರಿ ಮಾಡಿಸಿ, ಯಾರು ಬರೆದದ್ದೆಂದು ಕೈಬರಹ ನೋಡಲು ಹೋಗಬೇಡಿ. ದೊಡ್ಡ ವಿಷಯದ ಚೀಟಿ ಅದಾದ ಮೇಲೆಯೇ ಬರುವುದು.